ಬಾಗಿಲಿಗೆ ಆರು ಹನಿ ಎಣ್ಣೆ

ಗಡಿಯಾರ ರಿಪೇರಿಯವನಿಗೆ ಹೆಂಡತಿಯ ಮೇಲಿದ್ದ ದೂರು ಒಂದೇ. ಆರು ವರ್ಷದಿಂದ ಪ್ರತಿ ಭಾನುವಾರ ಅವನ ಹಜಾರದಲ್ಲಿ ನಾಲ್ವರು ಸೇರಿ ನಾದಲೋಕವನ್ನೇ ಬಡಿದೆಬ್ಬಿಸುತ್ತಿದ್ದರೂ ಅವಳು ಒಂದು ದಿನ ಕೂತು ಕೇಳಿದವಳಲ್ಲ.

ಅವನದು ಸೆಲ್ಲೊ, ಮೊಣಕಾಲ ನಡುವೆ ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲು. ಹಲ್ಲಿನ ಡಾಕ್ಟರದು ಕೊಳಲು, ಲೆಕ್ಕದ ಮೇಷ್ಟ್ರದು ಪಿಟೀಲು, ಬಸ್ ಡ್ರೈವರನದು ಕ್ಲಾರಿನೆಟ್. ಮೈಕಿಲ್ಲ, ತಾಳವಿಲ್ಲ, ಬರೆದಿಟ್ಟ ಸ್ವರವಿಲ್ಲ. ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸಬೇಕು, ಒಬ್ಬರಿಗೊಬ್ಬರು ಉತ್ತರ ಕೊಡಬೇಕು. ಇಂಥವರೇ ಶುರು ಮಾಡಬೇಕೆಂದೂ ಇಲ್ಲ. "ನಾದ ತಾನಾಗೇ ಹುಟ್ಟುತ್ತೆ" ಎನ್ನುತ್ತಿದ್ದ ಅವನು. (ಹುಟ್ಟಿದ್ದು ಎಂಥ ಕೂಸೆಂದು ಪಕ್ಕದ ಮನೆಯವರನ್ನು ಕೇಳಬೇಕು.)

"ವಾದ್ಯ ನುಡಿಸೋರಿಗೆ ಹೆಂಡತಿನ ನುಡಿಸೋಕೆ ಮಾತ್ರ ಪುರುಸೊತ್ತಿಲ್ಲ" ಎಂದು ಅವಳು ಅಡುಗೆಮನೆಗೆ ಹೋಗುತ್ತಿದ್ದಳು. ನಾಲ್ವರೂ ಕಣ್ಣುಮುಚ್ಚಿ ಕೂತಾಗಲೇ ಟೀ ತರುತ್ತಿದ್ದಳು. ಬಾಗಿಲು ಕಿರ್ರೆನ್ನುತ್ತಿತ್ತು. ಅವನು ಹಲ್ಲು ಕಚ್ಚುತ್ತಿದ್ದ.

ಮುಂದಿನ ವಾರದ ಶನಿವಾರ ಅವರ ಮೊಟ್ಟಮೊದಲ ಕಛೇರಿ. ಕೊನೆಯ ಅಭ್ಯಾಸಕ್ಕೆ ಅಡ್ಡಿಯಾಗಬಾರದೆಂದು ಅವನು ಗಡಿಯಾರದ ಎಣ್ಣೆ ತಂದು, ಸೂಜಿಮೊನೆಯಿಂದ ಬಾಗಿಲಿನ ಮೂರು ಕೀಲುಗಳಿಗೂ ಎರಡೆರಡು ಹನಿ ಬಿಟ್ಟ.

ಭಾನುವಾರ ಎಲ್ಲರೂ ಕಣ್ಣುಮುಚ್ಚಿದರು. ಟೀ ಬಂತು, ಸದ್ದಿಲ್ಲದೆ. ನಾದ ಬರಲಿಲ್ಲ. ಡಾಕ್ಟರು ಕೊಳಲನ್ನು ತುಟಿಗಿಟ್ಟರು, ಇಳಿಸಿದರು. ಮೇಷ್ಟ್ರು ಸೂರು ನೋಡಿದರು. ಅರ್ಧ ಗಂಟೆ ಕಳೆದ ಮೇಲೆ, "ಮೌನವೂ ಸಂಗೀತವೇ" ಎಂದರು.

"ಇರಬಹುದು ಸಾರ್, ಇದಕ್ಕೆ ಟಿಕೆಟ್ ಹರಿಯೋದು ಹೇಗೆ?" ಎಂದ ಡ್ರೈವರ್.

ಎಲ್ಲರೂ ಹೋದರು. ಆರು ವರ್ಷ ನುಡಿಸಿದ್ದೆಲ್ಲ ಬರೀ ಭ್ರಮೆಯೇ ಎಂದು ಅವನಿಗೆ ನಿಜವಾಗಿ ಭಯವಾಯಿತು. ಹೆಂಡತಿ ಲೋಟ ಎತ್ತಲು ಬಂದಳು.

"ಎಣ್ಣೆ ಹಾಕಿದ್ದು ನೀವಾ?"

"ಹೌದು. ಅದರ ಕಿರಿಕಿರಿ ತಪ್ಪಲಿ ಅಂತ."

"ಶುರು ಮಾಡ್ತಿದ್ದದ್ದೇ ಆ ಬಾಗಿಲು ಕಣ್ರೀ. ಅದು ಕಿರ್ ಅಂದ ತಕ್ಷಣ ಮೇಷ್ಟ್ರು ಪಿಟೀಲಲ್ಲಿ ಕಿರ್ ಅಂತಿದ್ರು, ಆಮೇಲೆ ಡಾಕ್ಟರು. ನೀವು ಎಲ್ಲರಿಗಿಂತ ಕೊನೆಗೆ, ಚಪ್ಪಲಿ ಹುಡುಕ್ಕೊಂಡು ಬಂದೋರ ಥರ."

"ನೀನು ಕೇಳ್ತಿದ್ಯಾ?"

"ಇನ್ನೇನು? ನಿಮ್ಮ ಮುಖ ಬಾಡಿದ್ರೆ ಬಾಗಿಲನ್ನ ಮೆಲ್ಲಗೆ ತೆಗೀತಿದ್ದೆ. ಅತ್ತೆ ತೀರಿಕೊಂಡ ವಾರ ಎಷ್ಟು ನಿಧಾನ ತೆಗೆದೆ ಗೊತ್ತಾ? ಟೀ ತಣ್ಣಗಾಗಿಹೋಯ್ತು."

ಆ ದಿನ ನುಡಿಸಿದ್ದೇ ತನ್ನ ಜೀವನದ ಅತ್ಯುತ್ತಮ ನಾದ, ಅದು ತನ್ನ ಅಂತರಾಳದಿಂದ ಎದ್ದದ್ದು ಎಂದು ಅವನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಹಾಕಿದ ಎಣ್ಣೆ ಬಿಡಲೆಂದು ಕೀಲುಗಳನ್ನು ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದದ್ದಾಯಿತು. ಶನಿವಾರ ಬಾಗಿಲು ಚೌಕಟ್ಟಿನ ಸಮೇತ ಡ್ರೈವರನ ಮೇಲ್ವಿಚಾರಣೆಯಲ್ಲಿ ವೇದಿಕೆಯೇರಿತು. ಅದರ ಹಿಂದೆ ಹೆಂಡತಿ ನಿಂತಳು. ತೆಗೆದು ನೋಡಿದರೆ ಚೌಕಟ್ಟು ವಾಲಿತು.

"ಯಾರಾದ್ರೂ ಹಿಡ್ಕೋಬೇಕು" ಎಂದಳು.

ಮೂವರೂ ಗಡಿಯಾರದವನ ಕಡೆ ನೋಡಿದರು. ಅವನು ಸೆಲ್ಲೊವನ್ನು ಕುರ್ಚಿಗೊರಗಿಸಿ ಚೌಕಟ್ಟು ಹಿಡಿದ.

ಬಾಗಿಲು ಮೆಲ್ಲಗೆ ಕಿರ್ರೆಂದಿತು. ಪಿಟೀಲು ಉತ್ತರಿಸಿತು, ಕೊಳಲು ಸೇರಿತು. ಮುಕ್ಕಾಲು ಗಂಟೆ ಅವನು ಅಲ್ಲಾಡದೆ ನಿಂತು, ತನ್ನ ತಂಡದ ಸಂಗೀತವನ್ನು ಮೊದಲ ಬಾರಿಗೆ ಪೂರ್ತಿ ಕೇಳಿದ. ಚೆನ್ನಾಗಿತ್ತು. ಸೆಲ್ಲೊ ಇಲ್ಲವೆಂದು ಯಾರಿಗೂ ಅನಿಸಲೇ ಇಲ್ಲ, ಅವನಿಗೂ.

ಚಪ್ಪಾಳೆಯ ನಡುವೆ ಹೆಂಡತಿ ಬಾಗಿಲ ಸಂದಿಯಿಂದ ಇಣುಕಿದಳು.

"ಕೊನೆಗೂ ಒಂದು ದಿನ ನಿಂತು ಕೇಳಿದ್ರಲ್ಲ" ಎಂದಳು.