ಸ್ವಲ್ಪ ಅಂದರೆ ಎಷ್ಟು ಕಿಲೋ?

ಹಡಗಿಗೆ ಒಂದು ಸಾಮಾನು ಹತ್ತಿದರೆ ಅಷ್ಟೇ ತೂಕದ್ದು ಇನ್ನೊಂದು ಇಳಿಯಬೇಕು. ನಮ್ಮ ಯೋಜನೆಗೆ ಇದ್ದದ್ದು ಇದೊಂದೇ ನಿಯಮ, ಅದನ್ನು ಮುರಿಯದವರನ್ನು ಹುಡುಕಬೇಕಿತ್ತು. ಎರಡು ಸಾವಿರದ ದಶಕದಲ್ಲಿ ಸಿಡ್ನಿಯ ಹಡಗುಕಟ್ಟೆಯಲ್ಲಿ ತೂಕದ ಲೆಕ್ಕ ನೋಡುವ ಎಂಜಿನಿಯರ್ ನಾನು. ಸೈನಿಕರನ್ನು ದಡಕ್ಕಿಳಿಸಲು ದೊಡ್ಡ ಹಡಗು ಕೊಳ್ಳುವ ಬದಲು, ಇರುವ ಸಣ್ಣ ಯುದ್ಧನೌಕೆಗೇ ಕ್ರೇನು, ರಬ್ಬರ್ ದೋಣಿ ಕೂರಿಸಿ ಕಡಿಮೆ ಖರ್ಚಿನಲ್ಲಿ ಮುಗಿಸುವುದು ಯೋಜನೆ. ಸಣ್ಣ ಹಡಗು, ಮೇಲೆ ಭಾರವಾದರೆ ವಾಲುತ್ತದೆ. ಎಷ್ಟು ವಾಲುತ್ತದೆಂದು ನೋಡಲು ಒಂದೇ ಒಂದು ಪರೀಕ್ಷೆ. ಲೆಕ್ಕಕ್ಕೆ ಸಿಗದ ತೂಕ ಒಳಗಿದ್ದರೆ ಫಲಿತಾಂಶ ರದ್ದು, ಯೋಜನೆ ರದ್ದು, ಅದನ್ನೇ ನಂಬಿದ್ದ, ಇಲ್ಲೇ ನೆಲೆಸಲು ಬೇಕಾದ ನನ್ನ ಪಿಆರ್ ಕೂಡ.

ಹೊಸ ಅಳತೆ

ಮೆಲ್ಬರ್ನ್‌ನ ಡಿಸೈನ್ ಆಫೀಸಿನಲ್ಲಿ ಹಾಸನದವನೊಬ್ಬನಿದ್ದ. ಅದೇ ಊರಿನ ಕ್ಲೇಟನ್‌ನ ಯೂನಿವರ್ಸಿಟಿಯಲ್ಲಿ ಓದಿ ಅಲ್ಲೇ ನಿಂತವನು, ಒಳ್ಳೆಯವನು. ಆದರೆ ಅವನಿಂದ ಬಂದ ಪ್ರತಿ ನಕ್ಷೆಯೂ ಹಿಂದಿನದಕ್ಕಿಂತ ಭಾರ. “ಸ್ವಲ್ಪ ಜಾಸ್ತಿಯಾಗಿದೆ ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ” ಅಂತ ಫೋನು. ಸ್ವಲ್ಪ ಅಂದರೆ ಎಷ್ಟು ಕಿಲೋ ಅಂತ ಗದರಿದೆ. ಅವನು ಯೋಚಿಸಿ, ನಲವತ್ತು ಅಂದ. ಮುಂದಿನ ವಾರ ಅವನ ಆಸ್ಟ್ರೇಲಿಯನ್ ಮ್ಯಾನೇಜರ್ ಫೋನ್ ಮಾಡಿ, ಬಹಳ ಗಂಭೀರವಾಗಿ, ಕ್ರೇನು ಮೂರು ‘ಸ್ವಲ್ಪ’ ಜಾಸ್ತಿ ಬಂದಿದೆ, ಕ್ಷಮಿಸಿ ಅಂದ.

ಬೂದು ಬಣ್ಣದ ಆಯುಧ

ನಾವಿಕರ ಬಾರ್ಬೆಕ್ಯೂ ಒಲೆಯನ್ನು ನಾನೇ ನಿಂತು ಇಳಿಸಿದ್ದೆ. ಎರಡು ದಿನ ಬಿಟ್ಟು ನೋಡಿದರೆ ಹಡಗಿನ ಹಿಂಬದಿಯಲ್ಲಿ, ಹಡಗಿನದೇ ಬೂದು ಬಣ್ಣ ಬಳಿದು, ಬೋಲ್ಟ್ ಬಿಗಿದ ಏನೋ ಒಂದು.

ಇದೇನು ಅಂತ ಹಿರಿಯ ನಾವಿಕನನ್ನು ಕೇಳಿದೆ.

“ಆಯುಧ.”

“ಯಾರ ಮೇಲೆ?”

“ಸಾಸೇಜ್ ಮೇಲೆ.”

ಇದರ ಬದಲು ಏನು ಇಳಿಯಿತು ಅಂತ ರೇಗಿದೆ. ಅವನು ಒಂದು ಕ್ಷಣವೂ ತಡವರಿಸಲಿಲ್ಲ. ಅಡುಗೆಯವನು ರಜೆಯ ಮೇಲೆ ಹೋಗಿದ್ದಾನೆ ಅಂದ.

ಒಲೆ ಮತ್ತೆ ಇಳಿಯಿತು.

ತೂಕದ ಮನುಷ್ಯ

ಇವತ್ತು ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ ನನಗೊಂದು ಮನೆ, ಅದಕ್ಕೊಂದು ಮಾರ್ಟ್‌ಗೇಜ್ ಸಾಲ ಇದ್ದರೆ ಅದು ನನ್ನ ಸಹೋದ್ಯೋಗಿಯೊಬ್ಬರ ಉಪಕಾರ. ಮಂಗಳೂರಿನ ಕೊಂಕಣಿ ಮನೆಯ ಹೆಂಗಸು. ಪರೀಕ್ಷೆಯ ದಿನ ಹಡಗಿನ ಬಾಗಿಲಲ್ಲಿ ಪ್ರತಿಯೊಬ್ಬರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿ ಒಳಗೆ ಬಿಡುವ ಕೆಲಸ ಅವರದು. ಅವತ್ತು ನಾವು ಪರೀಕ್ಷೆಯಲ್ಲಿ ಗೆದ್ದೆವು. ಗೆದ್ದದ್ದು ಹೀಗೆ.

ಎಲ್ಲರೂ ತೂಗಿಸಿಕೊಂಡು ಹತ್ತಿ, ಲೆಕ್ಕ ಮುಗಿದ ಮೇಲೆ ಕಂಪನಿಯ ಮುಖ್ಯಸ್ಥರು ದಡಕ್ಕೆ ಬಂದು ನಿಂತರು. ಎಲ್ಲ ಅರ್ಥದಲ್ಲೂ ತೂಕದ ಮನುಷ್ಯ. ಪರೀಕ್ಷೆ ನೋಡಲು ತಾವೂ ಒಳಗೆ ಬರುವುದಾಗಿ ಹೇಳಿದರು. ಮೊದಲು ಯಂತ್ರ ಹತ್ತಿ ಅಂದರು ಈಕೆ. ಎಲ್ಲರೆದುರು ಅದೊಂದು ಮಾತ್ರ ಆಗದು ಅಂದರು ಅವರು. ನನ್ನ ಪಿಆರ್ ಕಾಗದಕ್ಕೆ ಸಹಿ ಹಾಕಬೇಕಾದವರು ಅವರೇ. ನಾನು ಈಕೆಯ ಕಿವಿಯಲ್ಲಿ, “ಬಿಟ್ಟುಬಿಡಿ ಮೇಡಂ, ಅಂದಾಜಿನಲ್ಲಿ ಬರ್ಕೊಳ್ಳೋಣ” ಅಂದೆ. ಈಕೆ ನನ್ನ ಕಡೆ ತಿರುಗಲೂ ಇಲ್ಲ.

“ನಾನು ಯಾರು ಗೊತ್ತೇನಮ್ಮ?” ಅಂದರು ಮುಖ್ಯಸ್ಥರು.

“ಯಾರು ಅಂತ ಗೊತ್ತು ಸರ್. ಎಷ್ಟು ಅಂತ ಗೊತ್ತಿಲ್ಲ.”

ಹೇಳಿ, ಈಕೆ ಬಗ್ಗಿ, ಹಡಗಿನಿಂದ ದಡಕ್ಕೆ ಹಾಕಿದ್ದ ಹಲಗೆಯನ್ನು ಒಳಗೆಳೆದುಕೊಂಡರು.