ನಮ್ಮ ಮನೆತನದ ಗಂಡಸರ ತಪಾಸಣೆ

ಕಾಯಿಲೆ ಯಾರ ಮನೆಗಾದರೂ ಬರುತ್ತದೆ. ನಮ್ಮ ಮನೆಗೆ ಬಂದರೆ ಮಾತ್ರ ಜೊತೆಗೊಂದು ಪಜೀತಿಯನ್ನೂ ಕರೆದುಕೊಂಡೇ ಬರುತ್ತದೆ. ಅಪ್ಪ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಹೋದರು. ಕೊನೆಯ ತಿಂಗಳವರೆಗೂ ಕೇಳಿದವರಿಗೆಲ್ಲ ಗ್ಯಾಸ್ ಎಂದೇ ಹೇಳಿದರು. ಅಪ್ಪನಿಗೆ ಇದ್ದದ್ದರಿಂದ ಗಂಡುಮಕ್ಕಳಿಬ್ಬರೂ ತಪಾಸಣೆ ಮಾಡಿಸಲೇಬೇಕು ಎಂದರು ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯ ಡಾಕ್ಟರು. ನನಗೆ ಐವತ್ತೆರಡು, ಕಲ್ಯಾಣದಲ್ಲಿರುವ ಅಣ್ಣನಿಗೆ ಐವತ್ತೆಂಟು. ನಿಜ ಹೇಳಬೇಕೆಂದರೆ ನನಗೆ ಅವನದೇ ಚಿಂತೆ.

ವಂಶದ ಆರೋಗ್ಯ

ಮನೆತನದಲ್ಲಿ ಇನ್ನಾರಿಗೆ ಇತ್ತು ಕೇಳಿಕೊಂಡು ಬನ್ನಿ ಎಂದಿದ್ದರು ಡಾಕ್ಟರು. ಗದಗಿನ ಸೋದರತ್ತೆಗೆ ಫೋನ್ ಮಾಡಿದೆ. ನಮ್ಮ ಕಡೆ ವಂಶದ ರೋಗರುಜಿನ ವಿಚಾರಿಸುವುದು ಹೆಣ್ಣುಗಂಡು ನೋಡುವಾಗ ಮಾತ್ರ. ನನ್ನ ಮಗಳಿಗೆ ಸಂಬಂಧ ಕೂಡಿಬಂದಿದೆ, ಬೀಗರು ಪಕ್ಕದಲ್ಲೇ ಕೂತು ಕೇಳುತ್ತಿದ್ದಾರೆ ಎಂದು ಅತ್ತೆ ತಿಳಿದರು. ನಮ್ಮಲ್ಲಿ ಒಬ್ಬರಿಗೂ ನೆಗಡಿ ಸಹ ಬಂದದ್ದಿಲ್ಲ ಎಂದು ಗಟ್ಟಿಯಾಗಿ ಸಾರಿದರು. ಹಾಗಾದರೆ ಅಪ್ಪನ ತಮ್ಮ, ಅಂಬರನಾಥದ ಕಾಕಾ ಅರವತ್ತಕ್ಕೇ ಹೇಗೆ ಹೋದರು ಎಂದೆ.

"ಅವನೇನು, ಸಾಯೋತನಕ ಆರೋಗ್ಯದಿಂದನ ಇದ್ದ."

ಅಣ್ಣನ ಲೆಕ್ಕಾಚಾರ

ಅಣ್ಣನನ್ನು ಒಪ್ಪಿಸಲು ಕಲ್ಯಾಣಕ್ಕೆ ಹೋದೆ. ತನಗೇನಾಗಿದೆ, ರಾತ್ರಿ ಮೂತ್ರಕ್ಕೆ ಬರೀ ಐದು ಸಲ ಏಳುತ್ತೇನೆ ಎಂದ. ಅದಕ್ಕೇ ತೋರಿಸು ಅನ್ನುವುದು ಎಂದೆ. ಅವನ ಹೆಂಡತಿ, ನಮ್ಮ ವೈನಿಯೂ ಒಳಗಿನಿಂದ ದನಿಗೂಡಿಸಿದಳು. ಅವನು ಚಹಾ ಕುಡಿದು ಮುಗಿಸಿ ಬೆರಳು ಮಡಿಚಿ ಎಣಿಸಿದ.

"ಅಪ್ಪಾ ಎಂಟು ಸಲ ಏಳ್ತಿದ್ರು. ನನಗ ಇನ್ನೂ ಮೂರು ಬಾಕಿ ಅವ."

ತಡೆದುಕೊಳ್ಳುವ ವಿದ್ಯೆ

ನನ್ನ ಪಿಎಸ್‌ಎ ರಕ್ತ ತಪಾಸಣೆ ಸಲೀಸಾಗಿ ಮುಗಿಯಿತು. ಸೋನೋಗ್ರಫಿಗೆ ಮಾತ್ರ ಲೀಟರುಗಟ್ಟಲೆ ನೀರು ಕುಡಿದು ತಡೆದುಕೊಂಡು ಕೂರಬೇಕು. ಮೂವತ್ತು ವರ್ಷ ಲೋಕಲ್ ರೈಲಿನಲ್ಲಿ ಓಡಾಡಿದವನಿಗೆ ತಡೆದುಕೊಳ್ಳುವುದೇನು ಮಹಾ ಎಂದುಕೊಂಡೆ. ಪಕ್ಕದ ಮರಾಠಿ ಅಜ್ಜ ಚಡಪಡಿಸುತ್ತ, ತಾನು ಮುಂದೆ ಹೋಗಲೇ ಎಂದರು. ಬಿಟ್ಟೆ. ಅದನ್ನು ಕಂಡು ಇನ್ನಿಬ್ಬರು ಕೇಳಿದರು. ಬಿಟ್ಟೆ. ನಾಲ್ಕನೆಯವನು ಬಾಯಿ ತೆರೆಯುವಷ್ಟರಲ್ಲಿ ನಾನೇ ಶೌಚಾಲಯಕ್ಕೆ ಓಡಿದ್ದೆ. ಹೊರಬಂದರೆ ನನ್ನ ಹೆಸರು ಕೂಗುತ್ತಿದ್ದರು. ರಿಸೆಪ್ಶನಿನವಳು ಇನ್ನೊಂದು ಬಾಟಲಿ ಕೈಗಿಟ್ಟು ನನ್ನನ್ನು ಸರತಿಯ ಕೊನೆಗೆ ಕಳಿಸಿದಳು.

ಯಾರು ಮೊದಲು?

ಕೊನೆಗೆ ತಜ್ಞರ ಪರೀಕ್ಷೆ. ನಮ್ಮವರ ಕಣ್ಣಿಗೆ ಬೀಳಬಾರದೆಂದು ಠಾಣೆ ಊರಿನ ನೌಪಾಡಾದವರೆಗೆ ಹೋದೆ. ಹೋಗಿ ನೋಡಿದರೆ ಬೆಂಚಿನ ಮೇಲೆ ಅಣ್ಣ! ಆಫೀಸಿನ ಗೆಳೆಯನನ್ನು ಕರೆತಂದಿದ್ದೇನೆ ಎಂದ. ನಾನೂ ಅದನ್ನೇ ಹೇಳಿದೆ. ಇಲ್ಲದ ಗೆಳೆಯರಿಬ್ಬರ ಕಷ್ಟಕ್ಕೆ ಅರ್ಧ ಗಂಟೆ ಮರುಗಿದೆವು. ಅಷ್ಟರಲ್ಲಿ ನರ್ಸ್ ಬಂದು, ಒಂದೇ ಅಡ್ಡಹೆಸರಿನವರು ಇಬ್ಬರಿದ್ದೀರಿ, ಯಾರು ಮೊದಲು ಎಂದು ಕೇಳಿದಳು.

ನಮ್ಮ ಮನೆಯಲ್ಲಿ ಬಿಸಿ ಹೋಳಿಗೆಯಿಂದ ಹೊಸ ಅಂಗಿಯವರೆಗೆ ಎಲ್ಲವೂ ಮೊದಲು ಅಣ್ಣನಿಗೆ. ಅವತ್ತು ಮಾತ್ರ ನನ್ನ ಬೆನ್ನು ತಟ್ಟಿ, ಸಣ್ಣವನು ನೀನೇ ಹೋಗು ಎಂದ.

ಡಾಕ್ಟರು ಕೈಗವಸು ಹಾಕಿಕೊಂಡು, ಹಿಂದಿನಿಂದ ಬೆರಳು ಹಾಕಿ ನೋಡಿದರು. ಏನೂ ಇಲ್ಲ, ಆರಾಮಾಗಿರಿ ಎಂದರು. ಹೊರಬಂದಾಗ ಅಣ್ಣ, ಒಳಗೆ ಏನು ಮಾಡಿದರು ಎಂದು ಸಣ್ಣ ದನಿಯಲ್ಲಿ ಕೇಳಿದ. ನಿಜ ಹೇಳಿದರೆ ಮುಂದಿನ ಲೋಕಲ್ ಹಿಡಿದು ಪರಾರಿಯಾಗುತ್ತಾನೆ.

"ಏನಿಲ್ಲ ಅಣ್ಣಾ, ಬರೇ ನಾಡಿ ನೋಡ್ತಾರ."

ಅಣ್ಣ ಅಂಗಿಯ ತೋಳು ಮೇಲಕ್ಕೆ ಮಡಿಚಿಕೊಂಡು ಒಳಗೆ ಹೋದ.

ಹತ್ತು ನಿಮಿಷದ ಮೇಲೆ ಡಾಕ್ಟರೇ ಅವನನ್ನು ಬಾಗಿಲವರೆಗೆ ಕರೆತಂದರು. ವಯಸ್ಸಿಗೆ ಪ್ರಾಸ್ಟೇಟ್ ಸ್ವಲ್ಪ ಊದಿದೆ ಅಷ್ಟೆ, ಹೆದರುವಂಥದ್ದೇನೂ ಸಿಗಲಿಲ್ಲ, ಗುಳಿಗೆ ಸಾಕು ಎಂದರು. ನನಗೆ ಕಣ್ಣು ತುಂಬಿ ಬಂತು. ಅಣ್ಣ ಮಾತ್ರ ನನ್ನ ಮುಖ ನೋಡಲಿಲ್ಲ. ಬೆಂಚಿನ ಮೇಲೆ ಕೂರಲೂ ಇಲ್ಲ. ನಿಂತಲ್ಲೇ ಫೋನ್ ತೆಗೆದು, ತೀರಿಹೋದ ಕಾಕಾನ ಮಗನಿಗೆ ಹಚ್ಚಿದ.

"ನಾಳೆ ನೌಪಾಡಾಕ್ಕ ಬಾ. ಏನಿಲ್ಲೋ, ಬರೇ ನಾಡಿ ನೋಡ್ತಾರ. ಅರ್ಧ ತೋಳಿನ ಅಂಗಿ ಹಾಕ್ಕೊಂಡು ಬಾ."