ಡೆನ್ಜಿಲನ ಹಿಮಾಲಯ

ತಪ್ಪೆಲ್ಲ ಆ ಒಂದು ಫೋಟೋದ್ದು. ಹೋದ ವರ್ಷದ ಲಾಕ್‌ಡೌನಿನಲ್ಲಿ ಮಲೇಷ್ಯಾದ ನಿಲಾಯ್‌ನ ಕನ್ನಡಿಗರೆಲ್ಲ ಹೊತ್ತು ಹೋಗದೆ ವಾಟ್ಸಾಪ್ ಗುಂಪಿಗೆ ಹಳೆಯ ಪ್ರವಾಸದ ಫೋಟೋ ಹಾಕುತ್ತಿದ್ದಾಗ, ಕಾಲೇಜಿನ ಟೈಮ್‌ಟೇಬಲ್ ತಯಾರಿಸುವ ಡೆನ್ಜಿಲ್ ಕೂಡ ಒಂದು ಹಾಕಿದ್ದ. ದಪ್ಪ ಕೋಟು, ಕಾಲಡಿ ಹಿಮ, ಕೈಯಲ್ಲಿ ಸ್ಕೀ ಕೋಲು. ಕೆಳಗೆ ‘ಹಿಮಾಲಯದಲ್ಲಿ ನಾನು’ ಅಂತ ಬರಹ. ಅದು ಮಾಲ್ ಒಂದರ ಐದನೇ ಮಹಡಿಯ ಕೃತಕ ಹಿಮದ ಕೋಣೆ ಎಂದು ಅವನ ಪ್ರಕಾರ ಗೊತ್ತಿದ್ದದ್ದು ಫೋಟೋ ತೆಗೆದ ಹೆಂಡತಿ ಜೋಸ್ಲಿನ್‌ಗೆ ಮಾತ್ರ.

ಈ ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಏಳಕ್ಕೇ ಮೇಲಿನ ಮನೆಯ ಹಮೀದುನ್ನೀಸಾ ಬಾಗಿಲು ಬಡಿದರು.

“ಡೆನ್ಜಿಲ್ ಭಾಯಿ, ಕೆನಡಾದಾಗ ಓದಾಕತ್ತಾಳಲ್ರಿ ನಮ್ಮ ನಾಝಿಯಾ, ನಾಳೆ ಗೆಳತ್ಯಾರ ಜೋಡಿ ಬೆಟ್ಟ ಹತ್ತಿ ಹಿಮದ ಮ್ಯಾಲೆ ಜಾರತೇನಿ ಅಂತಾಳ. ಟಿಕೆಟ್ ತಗೊಂಡು ಜಾರೋ ಜಾಗ ಅಲ್ರಿ, ಯಾರೂ ಇಲ್ಲದ ಕಾಡುಬೆಟ್ಟ. ಅದೂ ಮೊದಲನೇ ಹಿಮ. ತಿಳಿದವರು ಹೂಂ ಅಂದ್ರಷ್ಟ ಹೋಗು ಅಂದೀನಿ. ನಮಗ ತಿಳಿದವರು ಅಂದ್ರ ನೀವ ಅಲ್ಲೇನ್ರಿ?”

ಡೆನ್ಜಿಲ್ ಆಗಲೇ ನಿಜ ಹೇಳಿಬಿಡಬಹುದಿತ್ತು. ಆದರೆ ಆಕೆಯ ಹಿಂದೆ ಪ್ಯಾಟ್ರಿಕ್ ನಿಂತಿದ್ದ. ಗುಂಪಿನ ಅಡ್ಮಿನ್; ಎಲ್ಲರ ಮನೆ ವಿಷಯಕ್ಕೂ ಮೂಗು ತೂರಿಸುವವನು.

“ಹತ್ತು ಗಂಟೆಗೆ ಮಾಮಕ್ ಚಹಾ ಅಂಗಡಿಯಲ್ಲಿ ವಿಡಿಯೋ ಕಾಲ್ ಮಾರಾಯಾ! ಅವಳಿಗೆ ಆಗ ಸಂಜೆ. ಗುಂಪಿಗೆ ಹಾಕಿ ಆಯ್ತು.”

ಅವರು ಹೋದ ಮೇಲೆ ಜೋಸ್ಲಿನ್ ಹೇಳಿದಳು, “ಈಗಲೇ ಹೋಗಿ ನಿಜ ಹೇಳಿ. ಹುಡುಗಿಯ ಜೀವದ ವಿಷಯ.”

“ನಾಚಿಕೆ ಆಗ್ತದೆ ಮಾರಾಯ್ತಿ.”

“ಫೋಟೋ ಹಾಕುವಾಗ ಆಗ್ಲಿಲ್ವಾ?”

ಡೆನ್ಜಿಲ್ ಕೋಣೆಯ ಬಾಗಿಲು ಹಾಕಿಕೊಂಡು ಹಿಮದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ. ಚಳಿಗಾಲದ ಮೊದಲ ಹಿಮ ತೆಳುವಂತೆ. ಬುಡದಲ್ಲಿ ಸಕ್ಕರೆಯ ಹಾಗೆ ಹರಳು ಹರಳಾಗುತ್ತದಂತೆ. ಅದರ ಮೇಲೆ ಹೊಸ ಹಿಮ ಬಿದ್ದಿದ್ದರೆ ಒಬ್ಬರ ಭಾರ ಸಾಕು, ಇಳಿಜಾರಿಗೆ ಇಳಿಜಾರೇ ಕಿತ್ತು ಬರುತ್ತದಂತೆ. ನಾಝಿಯಾ ಹೋಗುವ ಬೆಟ್ಟದ ಅಂದಿನ ಎಚ್ಚರಿಕೆಯೂ ಸಿಕ್ಕಿತು: ಅಪಾಯ ಹೆಚ್ಚು. ನಿಲಾಯ್‌ನ ಸೆಕೆಯಲ್ಲಿ ಕೂತು ಅವನು ಗಡಗಡ ನಡುಗಿದ.

ಹತ್ತಕ್ಕೆ ಅಂಗಡಿಯಲ್ಲಿ ಮಾಸ್ಕ್ ಹಾಕಿದ ಅರ್ಧ ಗುಂಪೇ ಸೇರಿತ್ತು. ಪ್ಯಾಟ್ರಿಕ್‌ನ ಫೋನಿನ ಪರದೆಯಲ್ಲಿ ನಾಝಿಯಾ.

“ಹೋಗಬೇಡ ಮಗಳೇ,” ಎಂದ ಡೆನ್ಜಿಲ್.

“ಬಟ್ ವೈ, ಅಂಕಲ್?”

“ಯಾಕೆ ಅಂತ ಮಾಡಿ ತೋರಿಸು ಮಾರಾಯಾ!” ಎಂದ ಪ್ಯಾಟ್ರಿಕ್.

ಡೆನ್ಜಿಲ್ ಐಸ್ ಕಚಾಂಗ್ ಸಿಹಿಗೆ ಹಾಕುವ ತುರಿದ ಮಂಜು ಕೇಳಿದ. ಈ ಹೊತ್ತಲ್ಲಿ ಅದನ್ನು ಯಾರು ತಿನ್ನುತ್ತಾರೆ ಎಂದು ಗೊಣಗುತ್ತಲೇ ಅಂಗಡಿಯವನು ಮಂಜುಗಡ್ಡೆ ತುರಿದುಕೊಟ್ಟ. ಡೆನ್ಜಿಲ್ ತಟ್ಟೆಗೆ ಸಕ್ಕರೆ ಹರಡಿ, ಮೇಲೆ ತುರಿದ ಮಂಜು ಒತ್ತಿ, ತಟ್ಟೆಯನ್ನು ಓರೆ ಮಾಡಿ ಬೆರಳಿನಿಂದ ತಟ್ಟಿದ. ಮಂಜೆಲ್ಲ ಒಂದೇ ಸಲಕ್ಕೆ ಜಾರಿ ಪ್ಯಾಟ್ರಿಕ್‌ನ ಮಡಿಲಿಗೆ ಬಿತ್ತು. ಅವನು ಕುರ್ಚಿಯಿಂದ ಹಾರಿದ. ಉಳಿದವರು ಚಪ್ಪಾಳೆ ತಟ್ಟಿದರು.

ಹಮೀದುನ್ನೀಸಾರ ಕಣ್ಣು ತುಂಬಿತು. “ನನ್ನ ಮಗಳ ಜೀವಾ ಉಳಿಸಿದ್ರಿ ಭಾಯಿ.”

ಆ ಮಾತಿಗೆ ಡೆನ್ಜಿಲ್ ನಾಚಿಕೆಯಿಂದ ಹಿಡಿಯಷ್ಟಾದ. ಆಕೆಯ ಮುಖ ನೋಡಲಾಗಲಿಲ್ಲ.

“ಸುಮ್ಮನೆ ಅಂದದ್ದಲ್ಲ ಇವನು, ಹಿಮಾಲಯ ನೋಡಿದವನು!” ಎನ್ನುತ್ತ ಪ್ಯಾಟ್ರಿಕ್ ಆ ಹಳೆಯ ಫೋಟೋವನ್ನು ನಾಝಿಯಾಗೆ ಕಳಿಸಿದ.

ಪರದೆಯ ಹುಡುಗಿ ಕಣ್ಣು ಕಿರಿದು ಮಾಡಿದಳು. “ಅಂಕಲ್, ನಿಮ್ಮ ಹಿಂದೆ ಗ್ರೀನ್ ಬೋರ್ಡ್ ಇದೆ. ‘ಕೆಲುವಾರ್’ ಅಂತ. ಹಿಮಾಲಯದಲ್ಲಿ ಮಲಯ್‌ನಲ್ಲಿ ಎಕ್ಸಿಟ್ ಬೋರ್ಡ್ ಹಾಕ್ತಾರಾ?”

ಡೆನ್ಜಿಲ್‌ಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

“ಅದು ಮಾಲು,” ಎಂದ ತಲೆ ತಗ್ಗಿಸಿ. “ನಾನು ಹಿಮಾಲಯ ನೋಡಿದವನೇ ಅಲ್ಲ. ಸ್ಕೀ ಕೋಲು ಕೂಡ ಬಾಡಿಗೆಯದ್ದು.”

“ಹಾಗಾದ್ರೆ ನಿಮ್ಮ ‘ನೋ’ ಕೌಂಟ್ ಆಗಲ್ಲ ಲಾ! ಮಮ್ಮಿ, ನಾನು ಹೋಗ್ತೀನಿ.”

ಡೆನ್ಜಿಲ್ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ನಾನು ಸುಳ್ಳ, ಒಪ್ಪಿದೆ. ಆದ್ರೆ ಆ ಬೆಟ್ಟದವರೇ ಇವತ್ತು ಹಾಕಿದ ಎಚ್ಚರಿಕೆ ಉಂಟು, ಕಳಿಸ್ತೇನೆ. ನನ್ನ ಮಾತು ಬಿಡು ಮಗಳೇ, ಅದನ್ನೊಮ್ಮೆ ಓದು. ಕೈ ಮುಗೀತೇನೆ.”

ನಾಝಿಯಾ ಓದಿದಳು. ನಗು ಮಾಯವಾಯಿತು. “ಓಕೆ ಅಂಕಲ್. ಹೋಗಲ್ಲ. ಪ್ರಾಮಿಸ್.”

ಕಾಲ್ ಮುಗಿಯಿತು. ಡೆನ್ಜಿಲ್ ಹಮೀದುನ್ನೀಸಾರತ್ತ ತಿರುಗಿದ. “ಅಕ್ಕಾ, ನಿಮಗೆ ಮೋಸ ಮಾಡಿದೆ. ಕ್ಷಮಿಸಿ.”

“ಅಯ್ಯ, ಮೋಸ ಎಲ್ಲೀದ್ರಿ? ಆ ಬೋರ್ಡ್ ನಾವೆಲ್ಲಾ ಅವತ್ತ ನೋಡೀವಿ.”

“ಎಲ್ಲರೂ?”

“ಪಾಪ, ನಿಮಗ ಬೇಜಾರಾಗತೈತಿ ಅಂತ ಸುಮ್ಮನಿದ್ವಿ.”

ಒಂದೂವರೆ ವರ್ಷ ಅವನು ಮುಚ್ಚಿಟ್ಟದ್ದನ್ನು ಊರೆಲ್ಲ ಅವನಿಂದಲೇ ಮುಚ್ಚಿಟ್ಟಿತ್ತು. “ಮತ್ತೆ ನನ್ನನ್ನೇ ಯಾಕೆ ಕೇಳಿದ್ದು?”

“ನಿಜವಾಗಿ ತಿಳಿದವರು ಒಮ್ಮೊಮ್ಮೆ ಹೋಗು ಅಂದ್ರೂ ಅಂತಾರ್ರಿ,” ಎಂದರು ಹಮೀದುನ್ನೀಸಾ ಸಮಾಧಾನದಿಂದ. “ನೀವು ಲಿಫ್ಟ್ ಹತ್ತಾಕೂ ಅಂಜಾವರು. ಖಂಡಿತ ಬ್ಯಾಡ ಅಂತೀರಿ ಅಂತ ನಂಬಿಕಿ ಇತ್ತು.”

ಜೋಸ್ಲಿನ್ ಸಹ ಮಾಸ್ಕಿನೊಳಗೆ ನಗುತ್ತಿದ್ದಳು. ಡೆನ್ಜಿಲ್ ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡು, ಗಾಬರಿಯಲ್ಲಿ ಖಾಲಿ ತಟ್ಟೆಯನ್ನೂ ಎತ್ತಿಕೊಂಡು, ತಡವರಿಸುತ್ತ ಬಾಗಿಲ ಕಡೆ ನಡೆದ. ಹಿಂದಿನಿಂದ ಪ್ಯಾಟ್ರಿಕ್‌ನ ಫೋನು ಕ್ಲಿಕ್ ಎಂದಿತು.

ಮನೆ ಮುಟ್ಟುವಷ್ಟರಲ್ಲಿ ಫೋಟೋ ಗುಂಪಿಗೆ ಬಂದಿತ್ತು. ಕೈಯಲ್ಲಿ ಖಾಲಿ ತಟ್ಟೆ, ಕಾಲಡಿ ಮಂಜಿನ ಪುಡಿ, ತಲೆಯ ಮೇಲೆ ಹಸಿರು ಬೋರ್ಡು: ಕೆಲುವಾರ್. ಕೆಳಗೆ ಪ್ಯಾಟ್ರಿಕ್ ಬರೆದಿದ್ದ, ‘ಹಿಮಾಲಯದಿಂದ ವಾಪಸ್.’